ಬಿಡುಗಡೆ ಹೊಂದಿದವನು ಬಿಡುಗಡೆ ಕೊಡಲಿ

ಧ್ಯಾನಭಾಗ: ಮತ್ತಾಯನ ಸುವಾರ್ತೆ 18ನೆಯ ಅಧ್ಯಾಯ, 23ರಿಂದ 35ರ ವರೆಗಿನ ವಚನಗಳು



ಮುಂದಕ್ಕೆ ಓದುವದಕ್ಕಿಂತ ಮೊದಲು ನಿಮ್ಮ ವೇದಪುಸ್ತಕವನ್ನು ತೆರೆದು, ಮೇಲೆ ಹೇಳಿದ ಭಾಗವನ್ನು ನಿಧಾನವಾಗಿ ಓದಿಕೊಳ್ಳಬೇಕೆಂದು ಬೇಡುತ್ತೇನೆ. ಓದಲು ಬಾರದ ಹಿರಿಯರು ಮನೆಯ ಮಕ್ಕಳಿಂದ ಓದಿಸಿ ಕೇಳಲಿ.

ಒಬ್ಬ ಅರಸನು ತನ್ನ ಆಳುಗಳಿಂದ ಲೆಕ್ಕ ತೆಗೆದುಕೊಳ್ಳಲು ಕುಳಿತನು. ಹತ್ತು ಸಾವಿರ ತಲಾಂತು ಸಾಲ ತೀರಿಸಬೇಕಾದ ಒಬ್ಬನನ್ನು ಅವನ ಮುಂದೆ ತಂದರು. ಮಕ್ಕಳು ಮೊಮ್ಮಕ್ಕಳ ಕಾಲದ ವರೆಗೂ ದುಡಿದರೂ ತೀರದ ಸಾಲ ಅದು. ಅವನು ಅಡ್ಡಬಿದ್ದು ಬೇಡಿಕೊಂಡಾಗ ಅರಸನು ಕನಿಕರಪಟ್ಟು ಸಾಲವನ್ನೆಲ್ಲಾ ಬಿಟ್ಟುಬಿಟ್ಟನು. ಆದರೆ ಆ ಆಳು ಅರಮನೆಯ ಬಾಗಲು ದಾಟಿದ ಕೂಡಲೇ, ತನಗೆ ಅಲ್ಪ ಹಣ ಕೊಡಬೇಕಾಗಿದ್ದ ತನ್ನ ಜೊತೆಯ ಆಳನ್ನು ಕಂಡು, ಅವನ ಕುತ್ತಿಗೆಯನ್ನು ಹಿಸುಕಿ ಸೆರೆಗೆ ಹಾಕಿಸಿದನು. ಈ ಸಾಮ್ಯವನ್ನು ನಾವು ಸಾಮಾನ್ಯವಾಗಿ ಪಾಪಕ್ಷಮೆಯ ವಿಷಯವಾಗಿ ಪ್ರಸಂಗಿಸುತ್ತೇವೆ, ಅದು ಸರಿಯೇ. ಆದರೆ ಮನಸ್ಸಾಕ್ಷಿಯ ಬಿಡುಗಡೆಯ ವಿಷಯದಲ್ಲಿಯೂ ಈ ಸಾಮ್ಯವು ನಮ್ಮೊಡನೆ ಮಾತಾಡುತ್ತದೆಂಬದನ್ನು ನಮ್ಮ ಟೇಕಲ್ ಸೀಮೆಯ ಒಬ್ಬ ಹಿರಿಯರಿಂದ ನಾನು ಕಲಿತೆನು.

ಅವರು ಒಂದು ಸಾಯಂಕಾಲ ನನ್ನ ಮನೆಗೆ ಬಂದು ಜಗಲಿಯ ಮೇಲೆ ಕುಳಿತರು. ಮುಖವು ಕಪ್ಪಿಟ್ಟಿತ್ತು. “ಅಯ್ಯನವರೇ, ನನ್ನ ಚಿಕ್ಕ ಮಗನ ಹೆಸರನ್ನು ಸಭೆಯ ಪುಸ್ತಕದಿಂದ ತೆಗೆದುಹಾಕಿರಿ. ಅವನು ನಮ್ಮ ಆಲಯವನ್ನು ಬಿಟ್ಟು ಬೇರೊಂದು ಪಂಗಡದವರ ಕೂಟಕ್ಕೆ ಹೋಗುತ್ತಾನೆ. ನನ್ನ ಮನೆಯಲ್ಲಿ ಅವನಿಗೆ ಮುದ್ದೆ ಇಲ್ಲವೆಂದು ಹೇಳಿಬಿಟ್ಟಿದ್ದೇನೆ” ಎಂದರು. ತಾಯಿಯು ಕದ್ದು ಮುಚ್ಚಿ ಸೆರಗಿನಲ್ಲಿ ಅನ್ನ ಕಟ್ಟಿಕೊಂಡು ಹೋಗಿ ಮಗನಿಗೆ ಕೊಡುತ್ತಿದ್ದಾಳೆಂಬದು ನನಗೆ ಗೊತ್ತಿತ್ತು. ಇನ್ನೊಂದು ಸಂಗತಿಯೂ ನನಗೆ ಗೊತ್ತಿತ್ತು. ಈ ಹಿರಿಯರ ತಂದೆಯು ದೀಕ್ಷಾಸ್ನಾನ ಹೊಂದಿದ ವರ್ಷದಲ್ಲಿ ಅವರ ಕೇರಿಯ ಜನರೇ, ಸ್ವಂತ ದಾಯಾದಿಗಳೇ, ಕೇರಿಯ ಬಾವಿಗೆ ಬರಬಾರದೆಂದು ಅವರನ್ನು ತಡೆದರು. ತಾಯಿಯು ಹೊಲಗಳಾಚೆಯ ಕುಂಟೆಯಿಂದ ಎರಡು ಬೇಸಗೆಗಳ ಕಾಲ ನೀರು ಹೊತ್ತಳು. ಈ ಕಥೆಯನ್ನು ಅವರೇ ಎಷ್ಟೋ ಸಾರಿ ಸಭೆಯಲ್ಲಿ ಎದ್ದುನಿಂತು ಕಣ್ಣೀರಿನಿಂದ ಸಾಕ್ಷಿಯಾಗಿ ಹೇಳಿದ್ದರು.

ನಾನು ಅವರಿಗೆ ಆ ಹೊತ್ತಿನಲ್ಲಿ ಉತ್ತರ ಕೊಡದೆ, “ಅಣ್ಣಾ, ನಿಮಗೆ ಒಂದು ಚರಿತ್ರೆ ಹೇಳುತ್ತೇನೆ, ಕೇಳುತ್ತೀರಾ?” ಎಂದೆನು. ಅಂದು ಹೇಳಿದ ಚರಿತ್ರೆಯನ್ನೇ ಇಂದು ನಿಮ್ಮೆಲ್ಲರಿಗೂ ಹೇಳುತ್ತೇನೆ.

ನಮ್ಮ ಟೇಕಲ್ಲಿನ ಸುತ್ತಲೂ ಬೆಟ್ಟಗಳೂ ಬಂಡೆಗಳೂ ಇರುವದನ್ನು ಮಾಲೂರಿನಿಂದ ಬಂಗಾರಪೇಟೆಗೆ ರೈಲಿನಲ್ಲಿ ಹೋಗುವವರೆಲ್ಲರೂ ಕಾಣುತ್ತಾರೆ. ಇಂಗ್ಲೆಂಡ್ ದೇಶದ ಉತ್ತರ ಭಾಗದಲ್ಲಿಯೂ ಅಂಥ ಒಂದು ಗುಡ್ಡವಿದೆ; ಅದಕ್ಕೆ ಫರ್‌ಬ್ಯಾಂಕ್ ಎಂದು ಹೆಸರು. 1652ನೆಯ ಇಸವಿಯ ಜೂನ್ ತಿಂಗಳಲ್ಲಿ ಅಲ್ಲಿನ ಒಂದು ಬಂಡೆಯ ಬಳಿಯಲ್ಲಿ ಜಾರ್ಜ್ ಫಾಕ್ಸ್ ಎಂಬ ಯೌವನಸ್ಥನು ಸುಮಾರು ಸಾವಿರ ಜನರಿಗೆ ಬಹಳ ಹೊತ್ತು ಪ್ರಸಂಗ ಮಾಡಿದನು. ಅವನು ನೇಯ್ಗೆಯವನ ಮಗನು. ಚಿಕ್ಕಂದಿನಲ್ಲಿ ಕೆರ ಹೊಲಿಯುವವನ ಹತ್ತಿರ ಕಸುಬು ಕಲಿಯಲು ಇಡಲ್ಪಟ್ಟವನು. ಅವನು ಗುಡಿಗೋಪುರವಿಲ್ಲದ ಬಯಲಿನಲ್ಲಿ ನಿಂತು ಹೇಳಿದ ಮಾತಿನ ಸಾರವೇನಂದರೆ, ಜೀವಸ್ವರೂಪನಾದ ದೇವರು ಕಲ್ಲುಸುಣ್ಣದ ಕಟ್ಟಡದಲ್ಲಿ ಕಟ್ಟಿಹಾಕಲ್ಪಟ್ಟವನಲ್ಲ. ಕ್ರಿಸ್ತನು ತಾನೇ ತನ್ನ ಜನರಿಗೆ ಬೋಧಿಸಲು ಬಂದಿದ್ದಾನೆ. ಪ್ರತಿ ಮನುಷ್ಯನ ಹೃದಯದಲ್ಲಿ ಬೆಳಗುವ ಬೆಳಕಿಗೆ ಕಣ್ಣು ತೆರೆಯಬೇಕು ಎಂಬದೇ. ಯೋಹಾನನ ಸುವಾರ್ತೆಯ ಮೊದಲನೆಯ ಅಧ್ಯಾಯದ ಒಂಭತ್ತನೆಯ ವಚನವನ್ನು ಓದಿದರೆ ಈ ಬೋಧನೆಯ ಬೇರು ಎಲ್ಲಿದೆಯೆಂದು ತಿಳಿಯುವದು.

ಅವನನ್ನು ಹಿಂಬಾಲಿಸಿದವರು ತಮ್ಮನ್ನು ‘ಸ್ನೇಹಿತರು’ ಎಂದು ಕರೆದುಕೊಂಡರು. ಒಡೆಯನ ಮಾತನ್ನು ಕೈಕೊಳ್ಳುವವರು ಅವನಿಗೆ ಸ್ನೇಹಿತರೆಂದು ಯೋಹಾನನ 15ನೆಯ ಅಧ್ಯಾಯದಲ್ಲಿ ಇದೆಯಲ್ಲವೇ? ಆದರೆ ಜನರು ಅವರನ್ನು ‘ಕ್ವೇಕರರು’ ಎಂದು, ಅಂದರೆ ‘ನಡುಗುವವರು’ ಎಂದು ಹಾಸ್ಯಮಾಡಿದರು. 1650ರಲ್ಲಿ ಫಾಕ್ಸನನ್ನು ಸೆರೆಗೆ ಕಳುಹಿಸಿದ ಒಬ್ಬ ನ್ಯಾಯಾಧಿಪತಿಗೆ ಅವನು, ದೇವರ ವಾಕ್ಯಕ್ಕೆ ನಡುಗಬೇಕೆಂದು ಎಚ್ಚರಿಕೆ ಹೇಳಿದ್ದರಿಂದ ಈ ಅಡ್ಡಹೆಸರು ಹುಟ್ಟಿತೆಂದು ಹೇಳುತ್ತಾರೆ.

ಅವರ ಆರಾಧನೆಯು ನಮ್ಮದರಂತೆ ಅಲ್ಲ. ಅವರು ಕೂಡಿಬಂದು ಮೌನವಾಗಿ ಕುಳಿತು ದೇವರಿಗಾಗಿ ಕಾದುಕೊಳ್ಳುವರು. ಆತ್ಮನು ಯಾರನ್ನು ಪ್ರೇರಿಸುವನೋ ಅವರು, ಗಂಡಸಾಗಲಿ ಹೆಂಗಸಾಗಲಿ, ಎದ್ದು ಮಾತಾಡುವರು. ಹೆಂಗಸರು ದೇವರ ವಾಕ್ಯವನ್ನು ಸಾರಬಹುದೆಂಬದನ್ನು ಸ್ಥಾಪಿಸಿ ಮಾರ್ಗರೇಟ್ ಫೆಲ್ ಎಂಬಾಕೆಯು ಒಂದು ಚಿಕ್ಕ ಪುಸ್ತಕವನ್ನು 1666ರಲ್ಲಿ, ಸೆರೆಮನೆಯಲ್ಲಿದ್ದಾಗಲೇ, ಪ್ರಕಟಿಸಿದಳು. ಅವರು ನೀರಿನ ದೀಕ್ಷಾಸ್ನಾನವನ್ನೂ ರೊಟ್ಟಿ ದ್ರಾಕ್ಷಾರಸಗಳ ಸಂಸ್ಕಾರವನ್ನೂ ನಡಿಸುವದಿಲ್ಲ. ಈ ವಿಷಯದಲ್ಲಿ ನಾವು ಅವರೊಂದಿಗೆ ಒಪ್ಪುವದಿಲ್ಲ. ನಮ್ಮ ಕರ್ತನು ನೇಮಿಸಿದ ಸಂಸ್ಕಾರಗಳನ್ನು ನಾವು ಸಂತೋಷದಿಂದ ಕೈಕೊಳ್ಳುತ್ತೇವೆ. ನೀವು ಕ್ವೇಕರರಾಗಬೇಕೆಂದು ನಾನು ಇದನ್ನು ಬರೆಯುತ್ತಿಲ್ಲ. ಒಪ್ಪದವರಿಂದಲೂ ಕಲಿಯಬಹುದೆಂಬದಕ್ಕಾಗಿ ಬರೆಯುತ್ತಿದ್ದೇನೆ.

ಅವರ ಎರಡು ವಾಡಿಕೆಗಳು ನಮ್ಮ ಹಳ್ಳಿಯವರಿಗೆ ಯಾರಿಗಿಂತಲೂ ಚೆನ್ನಾಗಿ ಅರ್ಥವಾಗುವವು. ಆ ಕಾಲದ ಇಂಗ್ಲೆಂಡಿನಲ್ಲಿ ಬಡವನು ಧಣಿಯ ಮುಂದೆ ಟೋಪಿ ತೆಗೆದು ನಿಲ್ಲಬೇಕಾಗಿತ್ತು. ನಮ್ಮ ಅಜ್ಜಂದಿರು ದೊಡ್ಡವರ ಮನೆಯ ಮುಂದೆ ಹಾದುಹೋಗುವಾಗ ಕೆರಗಳನ್ನು ಕೈಯಲ್ಲಿ ಹಿಡಿದುಕೊಂಡು, ಹೆಗಲ ಮೇಲಿನ ವಸ್ತ್ರವನ್ನು ಕಂಕುಳಿಗೆ ಸೇರಿಸಿಕೊಂಡು ನಡೆದದ್ದು ನಿಮಗೆ ತಿಳಿದೇ ಇದೆ. ಆ ಭಾಷೆಯಲ್ಲಿಯೂ ನಮ್ಮ ಭಾಷೆಯಲ್ಲಿದ್ದ ಹಾಗೆ ‘ನೀನು’ ಎಂಬದೊಂದು, ‘ನೀವು’ ಎಂಬದೊಂದು ಮಾತು ಇತ್ತು. ಧಣಿಯು ಆಳಿಗೆ ‘ನೀನು’ ಅನ್ನುವನು. ಆಳು ಧಣಿಗೆ ‘ನೀವು’ ಅನ್ನಲೇ ಬೇಕು. ಸ್ನೇಹಿತರು, ದೇವರ ಮುಂದೆ ಎಲ್ಲರೂ ಸಮಾನರೆಂದು ನಂಬಿ, ಯಾವ ಮನುಷ್ಯನ ಮುಂದೆಯೂ ಟೋಪಿ ತೆಗೆಯದೆ, ದೇವರ ಮುಂದೆ ಪ್ರಾರ್ಥಿಸುವಾಗ ಮಾತ್ರ ತೆಗೆದರು. ರೈತನಿಗೂ ನ್ಯಾಯಾಧಿಪತಿಗೂ ಅರಸನಿಗೂ ಒಂದೇ ಮಾತನ್ನು ಆಡಿದರು. ಅದಕ್ಕಾಗಿ ಪೆಟ್ಟು ತಿಂದರು, ದಂಡ ತೆತ್ತರು.

ಅವರು ಆಣೆಯಿಡಲೂ ಒಪ್ಪಲಿಲ್ಲ. ಮತ್ತಾಯನ 5ನೆಯ ಅಧ್ಯಾಯದಲ್ಲಿ ನಮ್ಮ ಕರ್ತನು ಆಣೆಯೇ ಬೇಡ, ಹೌದೆಂಬದು ಹೌದಾಗಿರಲಿ, ಅಲ್ಲವೆಂಬದು ಅಲ್ಲವಾಗಿರಲಿ ಎಂಬ ಅರ್ಥದಲ್ಲಿ ಅಪ್ಪಣೆ ಕೊಟ್ಟಿರುವನಷ್ಟೆ. ಆಣೆಯಿಟ್ಟಾಗ ಮಾತ್ರ ಸತ್ಯ ಹೇಳುವವನು ಉಳಿದ ದಿನಗಳಲ್ಲಿ ಏನು ಹೇಳುತ್ತಾನೆ ಎಂಬದೇ ಅವರ ವಾದ. ಅವರು ಯುದ್ಧಕ್ಕೂ ಹೋಗಲಿಲ್ಲ. 1661ರಲ್ಲಿ ಎರಡನೆಯ ಚಾರ್ಲ್ಸ್ ಅರಸನಿಗೆ ಬರೆದು, ಯಾವ ಕಾರಣಕ್ಕೂ ಕತ್ತಿ ಹಿಡಿಯುವದಿಲ್ಲವೆಂದು ತಿಳಿಯಪಡಿಸಿದರು.

ಆದರೂ ಸರಕಾರವು ಅವರನ್ನು ನಂಬಲಿಲ್ಲ. 1662ರಲ್ಲಿ ಆಣೆಯಿಡದ ಕ್ವೇಕರರನ್ನು ಶಿಕ್ಷಿಸುವ ಕಾನೂನು ಹುಟ್ಟಿತು. 1664ರಲ್ಲಿ ಮತ್ತೊಂದು ಕಾನೂನು ಬಂದು, ಮನೆಯವರನ್ನು ಬಿಟ್ಟು ಐದು ಮಂದಿಯಾಗಲಿ ಅದಕ್ಕಿಂತ ಹೆಚ್ಚು ಮಂದಿಯಾಗಲಿ ಸರಕಾರೀ ಸಭೆಯ ಕ್ರಮಕ್ಕೆ ಹೊರತಾಗಿ ಆರಾಧನೆಗೆ ಕೂಡುವದೇ ಅಪರಾಧವಾಯಿತು. ಸಾವಿರಾರು ಮಂದಿ ಸೆರೆಮನೆಗಳಲ್ಲಿ ಬಿದ್ದರು. ಕತ್ತಲಿನಲ್ಲಿಯೂ ರೋಗದಲ್ಲಿಯೂ ನೂರಾರು ಮಂದಿ ಸತ್ತರು. ಉಳಿದ ಕೆಲವರು ಗುಟ್ಟಾಗಿ ಕೂಡುತ್ತಿದ್ದ ಕಾಲದಲ್ಲಿಯೂ ಸ್ನೇಹಿತರು ಬಾಗಲು ತೆರೆದಿಟ್ಟೇ ಆರಾಧಿಸಿದರು. 1682ರಲ್ಲಿ ಬ್ರಿಸ್ಟಲ್ ಪಟ್ಟಣದಲ್ಲಿ ದೊಡ್ಡವರೆಲ್ಲರೂ ಸೆರೆಯಾದಾಗ, ಅವರ ಮಕ್ಕಳೇ ಆರಾಧನೆಯ ಸಮಯಕ್ಕೆ ಸರಿಯಾಗಿ ಬಂದು ಮೌನವಾಗಿ ಕೂತು ಕೂಟವನ್ನು ನಡಿಸಿದರು. ಹೊಡೆದರೂ ಬೆದರಿಸಿದರೂ ಅವರು ಬಿಡಲಿಲ್ಲ. ತಾಯಿತಂದೆಗಳೇ, ನಿಮ್ಮ ಮಕ್ಕಳು ಆದಿತ್ಯವಾರದ ಪಾಠಶಾಲೆಗೆ ಯಾಕೆ ಬರುತ್ತಾರೆ? ನೀವು ಇಲ್ಲದ ದಿನವೂ ಬರುವರೋ?

1670ರ ಆಗಸ್ಟ್ ತಿಂಗಳಲ್ಲಿ ಲಂಡನಿನ ಒಂದು ಆರಾಧನಾ ಮನೆಗೆ ಸಿಪಾಯಿಗಳು ಬೀಗ ಹಾಕಿದರು. ಆಗ ವಿಲಿಯಂ ಪೆನ್ ಎಂಬವನು ಬೀದಿಯಲ್ಲಿಯೇ ನಿಂತು ಪ್ರಸಂಗ ಮಾಡಿದನು. ಅವನು ನೌಕಾಸೇನೆಯ ದೊಡ್ಡ ಅಧಿಕಾರಿಯ ಮಗನು. ಐಶ್ವರ್ಯವನ್ನೂ ಅರಮನೆಯ ಸ್ನೇಹವನ್ನೂ ಲಕ್ಷಿಸದೆ ಈ ಬಡವರೊಂದಿಗೆ ಸೇರಿದ್ದನು. ಅವನನ್ನೂ ಅವನ ಜೊತೆಗಾರನಾದ ವಿಲಿಯಂ ಮೀಡನನ್ನೂ, ಗಲಭೆಗಾಗಿ ಜನರನ್ನು ಕೂಡಿಸಿದರೆಂದು ನ್ಯಾಯಸ್ಥಾನದಲ್ಲಿ ನಿಲ್ಲಿಸಿದರು. ತೀರ್ಪು ಹೇಳಲು ಹನ್ನೆರಡು ಮಂದಿ ಸಾಮಾನ್ಯ ಪಂಚರಿದ್ದರು. ಪೆನ್ನನು ಬೀದಿಯಲ್ಲಿ ಮಾತಾಡಿದ್ದು ನಿಜ, ಆದರೆ ಅದು ಗಲಭೆಯಲ್ಲ ಎಂದು ಅವರು ಹೇಳಿದರು. ನ್ಯಾಯಾಧಿಪತಿಗಳು ಕೋಪಗೊಂಡು, ತಮಗೆ ಬೇಕಾದ ತೀರ್ಪು ಬರುವ ವರೆಗೂ ಅನ್ನ, ನೀರು, ಬೆಂಕಿ ಕೊಡದೆ ರಾತ್ರಿಯೆಲ್ಲಾ ಅವರನ್ನು ಕೂಡಿಹಾಕಿದರು. ಎರಡು ರಾತ್ರಿ ಕಳೆದರೂ ಪಂಚರು ಜಗ್ಗಲಿಲ್ಲ, ಅಪರಾಧವಿಲ್ಲವೆಂದೇ ಹೇಳಿದರು. ಅದಕ್ಕಾಗಿ ಅವರಿಗೆ ದಂಡ ಹಾಕಿದರು. ಎಡ್ವರ್ಡ್ ಬುಷೆಲ್ ಮುಂತಾದವರು ದಂಡ ಕೊಡದೆ ಸೆರೆಗೆ ಹೋದರು. ಕಡೆಗೆ ಮೇಲಿನ ನ್ಯಾಯಾಧಿಪತಿಯಾದ ವಾನ್ ಎಂಬವನು, ಪಂಚರು ತಮ್ಮ ಮನಸ್ಸಿಗೆ ಕಂಡ ಸತ್ಯವನ್ನು ಹೇಳಿದ್ದಕ್ಕಾಗಿ ಅವರನ್ನು ಶಿಕ್ಷಿಸಕೂಡದೆಂದು ತೀರ್ಮಾನಿಸಿದನು. ಗಮನಿಸಿರಿ, ಆ ಹನ್ನೆರಡು ಮಂದಿಯು ಕ್ವೇಕರರೆಂದು ಹಿಡಿಯಲ್ಪಟ್ಟವರಲ್ಲ. ಬೇರೊಬ್ಬನ ಮನಸ್ಸಾಕ್ಷಿಗೋಸ್ಕರ ಹಸಿವನ್ನು ಸಹಿಸಿದ ನೆರೆಯವರು. ನಾವು ಬಾವಿಯಿಂದ ತಳ್ಳಲ್ಪಟ್ಟ ದಿನಗಳಲ್ಲಿ ಯಾರೋ ಒಬ್ಬ ನೆರೆಯವಳು ಒಂದು ಕೊಡ ನೀರನ್ನು ನಮ್ಮ ಹೊಸ್ತಿಲಲ್ಲಿ ಇಟ್ಟುಹೋಗಿದ್ದರೆ, ಅವಳೂ ಆ ಹನ್ನೆರಡು ಮಂದಿಯ ಸಾಲಿಗೆ ಸೇರಿದವಳೇ.

1689ರ ಕಾನೂನಿನಿಂದ ಅವರಿಗೆ ಇಂಗ್ಲೆಂಡಿನಲ್ಲಿ ಆರಾಧನೆಯ ಬಿಡುಗಡೆ ದೊರೆಯಿತು. 1696ರಲ್ಲಿ ಆಣೆಯ ಬದಲಾಗಿ ದೃಢವಾಗಿ ಹೇಳುವ ಅನುಮತಿಯೂ ದೊರೆಯಿತು.

ಈಗ ನಮ್ಮ ಸಾಮ್ಯದ ಕ್ರೂರನಾದ ಆಳಿನ ಬಳಿಗೆ ಬರೋಣ. ಇಂಗ್ಲೆಂಡಿನಲ್ಲಿ ತಮ್ಮ ಮನಸ್ಸಿಗೆ ಸರಿಕಂಡಂತೆ ಆರಾಧಿಸಲು ಆಗದೆ ಕಷ್ಟಪಟ್ಟ ಪ್ಯೂರಿಟನ್ನರೆಂಬ ಭಕ್ತರು 1630ರ ಸುಮಾರಿನಲ್ಲಿ ಸಮುದ್ರ ದಾಟಿ ಅಮೇರಿಕಕ್ಕೆ ಹೋಗಿ ಬೋಸ್ಟನ್ ಪಟ್ಟಣವನ್ನು ಕಟ್ಟಿದರು. ಅವರು ದೇವಭಕ್ತರು, ವೇದವನ್ನು ಪ್ರೀತಿಸಿದವರು. 1656ರಲ್ಲಿ ಮೇರಿ ಫಿಶರ್, ಆನ್ ಆಸ್ಟಿನ್ ಎಂಬ ಇಬ್ಬರು ಕ್ವೇಕರ್ ಹೆಂಗಸರು ಆ ರೇವಿನಲ್ಲಿ ಇಳಿದಾಗ ಅವರೇ ಏನು ಮಾಡಿದರು? ಅವರ ಪುಸ್ತಕಗಳನ್ನು ಸುಟ್ಟರು, ಅವರನ್ನು ಕತ್ತಲೆಯ ಸೆರೆಯಲ್ಲಿಟ್ಟು ಬಳಿಕ ಹಡಗು ಹತ್ತಿಸಿ ಓಡಿಸಿದರು. ಎರಡು ವರ್ಷಗಳಲ್ಲಿ, ಹೊರಗೆ ಹಾಕಿದ ಕ್ವೇಕರನು ತಿರಿಗಿ ಬಂದರೆ ಮರಣವೆಂದು ಕಾನೂನು ಮಾಡಿದರು. 1659ರ ಅಕ್ಟೋಬರ್ 27ರಲ್ಲಿ ಇಬ್ಬರು ಗಂಡಸರನ್ನು ಗಲ್ಲಿಗೇರಿಸಿದರು. ಅವರ ಸಂಗಡ ಮೇರಿ ಡಯರ್ ಎಂಬ ತಾಯಿಯ ಕುತ್ತಿಗೆಗೂ ಹಗ್ಗ ಹಾಕಿ, ಕಡೇ ಗಳಿಗೆಯಲ್ಲಿ ಇಳಿಸಿ ಊರ ಹೊರಗೆ ಕಳುಹಿಸಿದರು. ಆಕೆಯು ಆ ಅನ್ಯಾಯದ ಕಾನೂನನ್ನು ಒಪ್ಪಲಾರದೆ ತಿರಿಗಿ ಬಂದಳು. 1660ರ ಜೂನ್ 1ರಲ್ಲಿ ಆಕೆಯನ್ನು ಗಲ್ಲಿಗೇರಿಸಿದರು. ಮರುವರ್ಷ ಇನ್ನೊಬ್ಬನು ಸತ್ತನು. ತಾವೇ ಹಿಂಸೆಯಿಂದ ಓಡಿಬಂದವರು, ತಾವೇ ಹತ್ತು ಸಾವಿರ ತಲಾಂತಿನ ಬಿಡುಗಡೆ ಹೊಂದಿದವರು, ತಮ್ಮ ಜೊತೆ ಆಳಿನ ಕುತ್ತಿಗೆಯನ್ನು ಹಿಡಿದರು.

ಆದರೆ ಬೋಸ್ಟನ್ನಿನಿಂದ ಓಡಿಸಲ್ಪಟ್ಟ ಮೇರಿ ಫಿಶರಳ ಸಂಗತಿಯನ್ನು ಕೇಳಿರಿ. ಆಕೆಯು ಒಂದು ಕಾಲದಲ್ಲಿ ಮನೆಗೆಲಸದವಳಾಗಿದ್ದವಳು. 1658ರಲ್ಲಿ ಆಕೆಯು ಬಹು ದೂರ ಪ್ರಯಾಣಮಾಡಿ ತುರುಕರ ಸುಲ್ತಾನನ ಪಾಳೆಯಕ್ಕೆ ಹೋಗಿ, ದೇವರಿಂದ ಒಂದು ಮಾತು ತಂದಿದ್ದೇನೆಂದಳು. ಸುಲ್ತಾನನು ತನ್ನ ಮಂತ್ರಿಗಳ ನಡುವೆ ಆಕೆಯನ್ನು ಕರಸಿ, ಭಯಪಡಬೇಡವೆಂದು ಹೇಳಿ, ಆಕೆಯ ಮಾತನ್ನು ಮರ್ಯಾದೆಯಿಂದ ಕೇಳಿ, ದಾರಿಗೆ ಕಾವಲು ಕೊಡುತ್ತೇನೆಂದನು. ಕ್ರೈಸ್ತರು ಸೆರೆಗೆ ಹಾಕಿದವಳನ್ನು ಮುಸಲ್ಮಾನ ಅರಸನು ಗೌರವಿಸಿದನು. ಇದನ್ನು ಓದುವಾಗ ನಾವು ತಲೆ ಬೊಗ್ಗಿಸಬೇಕು. ಒಳ್ಳೇ ಸಮಾರ್ಯದವನ ಸಾಮ್ಯವನ್ನು ಹೇಳಿದ ಕರ್ತನಿಗೆ ಇದು ಆಶ್ಚರ್ಯವಲ್ಲ.

ಕ್ವೇಕರರಿಗೇ ಅಧಿಕಾರ ಸಿಕ್ಕಿದಾಗ ಏನಾಯಿತು? ಅರಸನು ಪೆನ್ನನ ತಂದೆಗೆ 16,000 ಪೌಂಡು ಸಾಲ ತೀರಿಸಬೇಕಾಗಿತ್ತು. ಆ ಸಾಲಕ್ಕೆ ಬದಲಾಗಿ 1681ರಲ್ಲಿ ಅಮೇರಿಕದಲ್ಲಿ ಒಂದು ದೊಡ್ಡ ನಾಡನ್ನು ಪೆನ್ನನಿಗೆ ಬರೆದುಕೊಟ್ಟನು, ಅದೇ ಪೆನ್ಸಿಲ್ವೇನಿಯ. ಅಲ್ಲಿ ಅವನು ಸೇಡು ತೀರಿಸಲಿಲ್ಲ, ಕ್ವೇಕರರಿಗೆ ಮಾತ್ರ ಬಾಗಲು ತೆರೆಯಲಿಲ್ಲ. ಒಬ್ಬ ದೇವರನ್ನು ನಂಬಿ ಸಮಾಧಾನವಾಗಿ ಬಾಳುವ ಯಾರನ್ನೂ ಅವರ ಆರಾಧನೆಗಾಗಿ ಹಿಂಸಿಸಕೂಡದೆಂದು ಕಾನೂನು ಮಾಡಿದನು. 1701ರ ಹಕ್ಕುಪತ್ರದಲ್ಲಿ ಇದನ್ನೇ ಮೊದಲನೆಯ ಕಲಮಾಗಿ ಬರೆಯಿಸಿದನು. ಆ ನೆಲದ ಮೂಲನಿವಾಸಿಗಳಿಗೂ ಬೆಲೆ ಕೊಟ್ಟೇ ಭೂಮಿ ತೆಗೆದುಕೊಂಡನು.

ಆದರೂ, ಪ್ರಿಯರೇ, ಅವರನ್ನು ದೇವದೂತರೆಂದು ತಿಳಿಯಬೇಡಿರಿ. ಎಲ್ಲರಿಗೂ ಬೆಳಕಿದೆಯೆಂದು ಸಾರಿದ ಆ ಜನರಲ್ಲಿ ಅನೇಕರು ಆಫ್ರಿಕದ ಕಪ್ಪು ಜನರನ್ನು ಕ್ರಯಕ್ಕೆ ಕೊಂಡು ದಾಸರನ್ನಾಗಿ ಇಟ್ಟುಕೊಂಡಿದ್ದರು. ಪೆನ್ನನೂ ಹಾಗೆ ಮಾಡಿದವನೇ. 1688ರಲ್ಲಿ ಜರ್ಮನ್‌ಟೌನ್ ಎಂಬ ಊರಿನ ನಾಲ್ವರು ಇದು ಅನ್ಯಾಯವೆಂದು ಬರೆದುಕೊಟ್ಟರು, ಸಂಘವು ಕಿವಿಗೊಡಲಿಲ್ಲ. ಅನಂತರ ಜಾನ್ ವುಲ್ಮನ್ ಎಂಬ ದರ್ಜಿಯು ಊರೂರು ತಿರುಗಿ, ಬೈಯದೆ, ಹಟಮಾಡದೆ, ಒಬ್ಬೊಬ್ಬ ಸಹೋದರನ ಮನೆಯಲ್ಲಿ ಕುಳಿತು ಕಣ್ಣೀರಿನಿಂದ ಮಾತಾಡಿದನು. ದಾಸರು ಸೇವೆಮಾಡಿದ ಮನೆಯಲ್ಲಿ ಇಳುಕೊಂಡರೆ ಹೊರಡುವಾಗ ಆ ದಾಸರಿಗೆ ಕೂಲಿ ಕೊಡುತ್ತಿದ್ದನು. ಅವನು 1772ರಲ್ಲಿ ತೀರಿಕೊಂಡನು. 1776ರಲ್ಲಿ ಫಿಲಡೆಲ್ಫಿಯದ ಸ್ನೇಹಿತರು, ದಾಸರನ್ನು ಬಿಡದವನು ನಮ್ಮ ಸಂಘದವನಲ್ಲವೆಂದು ತೀರ್ಮಾನಿಸಿದರು. ನಾಲ್ವರ ಕಾಗದ ಹುಟ್ಟಿದಂದಿನಿಂದ ಎಂಭತ್ತೆಂಟು ವರ್ಷ! ತನ್ನ ಕುತ್ತಿಗೆಯ ಹಗ್ಗವು ಬೇಗನೆ ಕಾಣುತ್ತದೆ. ತನ್ನ ಕೈಯಲ್ಲಿರುವ ಹಗ್ಗವು ಕಾಣಲು ತಲೆಮಾರುಗಳು ಬೇಕಾಗುತ್ತವೆ.

ಈ ಸಂಗತಿಗಳು ನಮಗೆ ದೂರವಲ್ಲ. 1866ರಲ್ಲಿ ರೇಚಲ್ ಮೆಟ್‌ಕಾಫ್ ಎಂಬ ಕ್ವೇಕರ್ ಸಹೋದರಿಯು ನಮ್ಮ ಭಾರತಕ್ಕೆ ಬಂದಳು. ಮಧ್ಯಪ್ರಾಂತದ ಹೋಶಂಗಾಬಾದಿನ ಸುತ್ತಲೂ ಆ ಸಮಾಜದ ಕೆಲಸ ಬೇರೂರಿತು. 1947ರಲ್ಲಿ ಕಲ್ಕತ್ತೆಯಲ್ಲಿ ಹಿಂದುಗಳೂ ಮುಸಲ್ಮಾನರೂ ಹೊಡೆದಾಡುತ್ತಿದ್ದಾಗ ಗಾಂಧಿಯವರ ಸಂಗಡ ಇದ್ದವರಲ್ಲಿ ಹೊರೇಸ್ ಅಲೆಗ್ಸಾಂಡರ್ ಎಂಬ ಕ್ವೇಕರರೂ ಒಬ್ಬರು. ಅದೇ ವರ್ಷದಲ್ಲಿ ಆ ಸಮಾಜದ ಎರಡು ಸೇವಾಸಂಘಗಳಿಗೆ ಶಾಂತಿಯ ನೊಬೆಲ್ ಬಹುಮಾನವು ದೊರೆಯಿತು. ಇಂದು ನಮ್ಮ ನ್ಯಾಯಸ್ಥಾನಗಳಲ್ಲಿ ಸಾಕ್ಷಿ ಹೇಳುವವನು, ದೇವರ ಮೇಲೆ ಆಣೆಯಿಡಲು ಮನಸ್ಸಿಲ್ಲದಿದ್ದರೆ, ದೃಢವಾಗಿ ಹೇಳುತ್ತೇನೆಂದು ನುಡಿದರೆ ಸಾಕು. ಮಂತ್ರಿಗಳು ಅಧಿಕಾರ ವಹಿಸುವಾಗಲೂ ಈ ಎರಡು ದಾರಿಗಳಿವೆ. ಆ ಚಿಕ್ಕ ಬಾಗಲನ್ನು ಮೊದಲು ತಟ್ಟಿ ನೊಂದವರಲ್ಲಿ ಸ್ನೇಹಿತರೂ ಇದ್ದರು.

ಇನ್ನೂ ದೊಡ್ಡ ಬಾಗಲೊಂದು ನಮಗೆ ತೆರೆದಿದೆ. 1950ರ ಜನವರಿ 26ರಿಂದ ನಮ್ಮ ದೇಶದಲ್ಲಿ ನಡೆಯುತ್ತಿರುವ ರಾಜ್ಯಾಂಗದ 25ನೆಯ ಕಲಮು, ಸಾರ್ವಜನಿಕ ಶಾಂತಿ, ನೀತಿ, ಆರೋಗ್ಯಗಳಿಗೆ ಒಳಪಟ್ಟು, ಎಲ್ಲರಿಗೂ ಸಮಾನವಾಗಿ ಮನಸ್ಸಾಕ್ಷಿಯ ಸ್ವಾತಂತ್ರ್ಯವನ್ನೂ, ತನ್ನ ಧರ್ಮವನ್ನು ಒಪ್ಪಿ ಆಚರಿಸಿ ಸಾರುವ ಹಕ್ಕನ್ನೂ ಕೊಡುತ್ತದೆ. 17ನೆಯ ಕಲಮು ಅಸ್ಪೃಶ್ಯತೆಯನ್ನು ರದ್ದುಮಾಡಿದೆ. ಆ ರಾಜ್ಯಾಂಗವನ್ನು ರಚಿಸಿದ ಸಭೆಯಲ್ಲಿ ಡಾಕ್ಟರ್ ಅಂಬೇಡ್ಕರರಿದ್ದರು. ಮೈಸೂರಿನ ಪ್ರತಿನಿಧಿಗಳಲ್ಲಿ ನಮ್ಮ ಕೋಲಾರ ಸೀಮೆಯ ಕ್ಯಾಸಂಬಳ್ಳಿಯವರಾದ ಕೆ. ಚೆಂಗಲರಾಯ ರೆಡ್ಡಿಯವರೂ ಇದ್ದರು. ಕಲಮಿನಲ್ಲಿ ‘ಕ್ರೈಸ್ತರಿಗೆ’ ಎಂದು ಬರೆದಿಲ್ಲ, ‘ಹಿಂದುಗಳಿಗೆ’ ಎಂದೂ ಬರೆದಿಲ್ಲ, ಎಲ್ಲರಿಗೂ ಎಂದಿದೆ. ಇದು ನಮಗೆ ಬಿಟ್ಟುಕೊಡಲ್ಪಟ್ಟ ಹತ್ತು ಸಾವಿರ ತಲಾಂತು. ನಾವು ಬಾಗಲು ದಾಟಿ ಬೀದಿಗೆ ಬಂದಾಗ ಏನು ಮಾಡುತ್ತೇವೆ ಎಂಬದೇ ಪ್ರಶ್ನೆ.

ಒಂದನೆಯದಾಗಿ, ನಮ್ಮ ನಂಬಿಕೆಯು ಒಳಗಿನದಾಗಿರಲಿ. 1876ರಿಂದ 1878ರ ವರೆಗಿನ ಮಹಾಕ್ಷಾಮದಲ್ಲಿ ಮಿಸ್ ಆನ್‌ಸ್ಟಿ ಎಂಬ ತಾಯಿಯು ಕೋಲಾರದಲ್ಲಿ ಅನಾಥ ಮಕ್ಕಳನ್ನು ಕೂಡಿಸಿ ಸಾಕಿದಳು. 1890ರಲ್ಲಿ ಆ ಕೆಲಸವು ಮೆಥಡಿಸ್ಟ್ ಎಪಿಸ್ಕೋಪಲ್ ಮಿಷನಿನ ಕೈಗೆ ಬಂತು. ಅದರಿಂದ ನಮ್ಮ ಸೀಮೆಯ ಕ್ರೈಸ್ತರನ್ನು ಗಂಜಿಗಾಗಿ ಸೇರಿದವರೆಂದು ಹಾಸ್ಯಮಾಡುವವರುಂಟು. ಹಸಿದ ಮಗುವಿಗೆ ಗಂಜಿ ಕೊಟ್ಟದ್ದು ನಾಚಿಕೆಯಲ್ಲ, ಕುಡಿದದ್ದೂ ನಾಚಿಕೆಯಲ್ಲ. ಆದರೆ ಆ ಮಾತಿಗೆ ತಕ್ಕ ಉತ್ತರವು ಜಗಳದಿಂದ ಬಾರದು. ಅಜ್ಜನು ಏತಕ್ಕೆ ಬಂದನೋ ದೇವರು ಬಲ್ಲನು. ನಾನು ಏತಕ್ಕೆ ಉಳಿದಿದ್ದೇನೆ? ಪ್ರತಿಯೊಬ್ಬನೂ ತನ್ನ ಒಳಗಿನ ಬೆಳಕಿನ ಮುಂದೆ ಇದಕ್ಕೆ ಉತ್ತರ ಹೇಳಲಿ. ಹಾಗೆಯೇ ನಾವು ಇನ್ನೊಬ್ಬನ ಬಡತನವನ್ನೋ ರೋಗವನ್ನೋ ಸಮಯವೆಂದು ತಿಳಿದು ಅವನ ಮನಸ್ಸನ್ನು ಎಳೆಯಬಾರದು. ಉಪಕಾರಮಾಡಿರಿ, ಸಾಕ್ಷಿಯನ್ನೂ ಹೇಳಿರಿ. ಒಂದಕ್ಕೆ ಬದಲಾಗಿ ಇನ್ನೊಂದನ್ನು ಕೇಳಬೇಡಿರಿ.

ಎರಡನೆಯದಾಗಿ, ನಮ್ಮ ನಾಲಿಗೆಯನ್ನು ಪರೀಕ್ಷಿಸೋಣ. ಕ್ವೇಕರರು ಎಲ್ಲರಿಗೂ ‘ನೀನು’ ಅಂದು ದೊಡ್ಡವರನ್ನು ಕೆಳಗೆ ಇಳಿಸಿದರು. ನಾವು ಎಲ್ಲರಿಗೂ ‘ನೀವು’ ಅಂದು ಚಿಕ್ಕವರನ್ನು ಮೇಲೆ ಎತ್ತೋಣ. ಸಭೆಗೆ ಬರುವ ಉಪಾಧ್ಯಾಯರಿಗೆ ‘ಬನ್ನಿರಿ, ಕೂತುಕೊಳ್ಳಿರಿ’ ಅಂದು, ಕೂಲಿಯ ಮುದುಕನಿಗೆ ‘ಏನೋ, ಅತ್ತ ಸರಿ’ ಅನ್ನುವವರು ನಮ್ಮಲ್ಲಿ ಇಲ್ಲವೇ? ನಮಗಿಂತ ಕೆಳಗಿನ ಕೇರಿಯೆಂದು ಯಾರನ್ನಾದರೂ ಎಣಿಸಿ ಅವರಿಗೆ ಹೆಣ್ಣು ಕೊಡದೆ, ಅವರ ಲೋಟದಲ್ಲಿ ನೀರು ಕುಡಿಯದೆ ಇರುವವರು ಇಲ್ಲವೇ? ಯಾಕೋಬನ ಪತ್ರಿಕೆಯ ಎರಡನೆಯ ಅಧ್ಯಾಯವನ್ನು ನಮ್ಮ ಆಲಯದ ಬಾಗಲಲ್ಲಿ ನಿಂತು ಓದಬೇಕು.

ಮೂರನೆಯದಾಗಿ, ನಮ್ಮ ಮನೆಯಲ್ಲಿ ಬಿಡುಗಡೆ ಇರಲಿ. ಇನ್ನೂ ದೀಕ್ಷಾಸ್ನಾನ ಹೊಂದದ ಸೊಸೆಯನ್ನು ಬೈದು ಹಂಗಿಸಿ ಆಲಯಕ್ಕೆ ತಂದರೆ, ಬಂದದ್ದು ಅವಳ ಕಾಲುಗಳು ಮಾತ್ರ. ನೆರೆಯವರ ಹಬ್ಬವನ್ನು ಮಕ್ಕಳ ಮುಂದೆ ಗೇಲಿಮಾಡುವವನು, ತನ್ನ ಕ್ರಿಸ್ಮಸ್ ಮೆರವಣಿಗೆಯನ್ನು ಯಾರೂ ತಡೆಯಬಾರದೆಂದು ಯಾವ ಮುಖದಿಂದ ಕೇಳುವನು? ಪ್ರಾರ್ಥಿಸಿರಿ, ಬೋಧಿಸಿರಿ, ಬಾಳಿ ತೋರಿಸಿರಿ. ಹೃದಯದ ಬಾಗಲನ್ನು ಒದೆಯಬೇಡಿರಿ. ಕರ್ತನೇ ಬಾಗಲಲ್ಲಿ ನಿಂತು ತಟ್ಟುತ್ತಾನೆಂದು ಪ್ರಕಟನೆಯ ಗ್ರಂಥವು ಹೇಳುತ್ತಿರುವಾಗ, ಮುರಿಯಲು ನಾವು ಯಾರು?

ಇದೆಲ್ಲವನ್ನೂ ಕೇಳಿದ ಆ ಹಿರಿಯರು ಬಹಳ ಹೊತ್ತು ಸುಮ್ಮನಿದ್ದರು. ಕತ್ತಲಾಗಿತ್ತು. ನಾನು, “ಅಣ್ಣಾ, ನಿಮ್ಮ ತಂದೆಗೆ ಬಾವಿ ಮುಚ್ಚಿದವರು ಯಾರು?” ಎಂದು ಕೇಳಿದೆನು. “ಸ್ವಂತದವರೇ, ಅಯ್ಯನವರೇ” ಅಂದರು. “ನಿಮ್ಮ ಮಗನಿಗೆ ಮುದ್ದೆ ಮುಚ್ಚಿದವರು ಯಾರು?” ಎಂದೆನು. ಅವರು ಉತ್ತರ ಕೊಡದೆ ಎದ್ದು, ವಸ್ತ್ರದಿಂದ ಮುಖ ಒರಸಿಕೊಂಡು ಹೊರಟುಹೋದರು. ಅವರ ಮನಸ್ಸನ್ನು ನೋಯಿಸಿದೆನೆಂದು ನನಗೆ ಆ ರಾತ್ರಿ ನಿದ್ರೆ ಬರಲಿಲ್ಲ.

ಒಂದು ವಾರದ ಮೇಲೆ ತಿಳಿದದ್ದೇನಂದರೆ, ಅವರು ತಾವೇ ಮಗನಿದ್ದ ಕಡೆಗೆ ಹೋಗಿ, “ಮನೆಗೆ ಬಾ ಕಣಪ್ಪಾ, ನಿಮ್ಮವ್ವ ಕಾಯುತ್ತಾಳೆ” ಅಂದರಂತೆ. ಮಗನು ನಮ್ಮ ಸಭೆಗೆ ತಿರಿಗಿ ಬರಲಿಲ್ಲ. ಈ ಹೊತ್ತಿಗೂ ಆ ಕೂಟಕ್ಕೇ ಹೋಗುತ್ತಾನೆ. ತಂದೆಗೆ ಅದು ಇನ್ನೂ ನೋವು, ನನಗೂ ನೋವು. ಆದರೆ ಆದಿತ್ಯವಾರ ಮಧ್ಯಾಹ್ನ ಇಬ್ಬರೂ ಬೇರೆ ಬೇರೆ ಕಡೆಯಿಂದ ಬಂದು ಒಂದೇ ಪಡಸಾಲೆಯಲ್ಲಿ ಕೂತು, ಒಬ್ಬಳೇ ತಾಯಿಯ ಕೈಯಿಂದ ಉಣ್ಣುತ್ತಾರೆ. ಊಟಕ್ಕೆ ಮುಂಚೆ ಒಂದು ದಿನ ತಂದೆಯು, ಒಂದು ದಿನ ಮಗನು ಪ್ರಾರ್ಥನೆ ಮಾಡುತ್ತಾರೆ. ಮಗನ ಹೆಸರು ಸಭೆಯ ಪುಸ್ತಕದಲ್ಲಿ ಹಾಗೆಯೇ ಇದೆ.

ಹೀಗಿರಲಾಗಿ, ಪ್ರಿಯರೇ, ಯಾರು ಯಾರು ಒಂದು ಕಾಲದಲ್ಲಿ ಬಾವಿಯಿಂದ, ಪಂಕ್ತಿಯಿಂದ, ಮನೆಯಿಂದ ತಳ್ಳಲ್ಪಟ್ಟರೋ ಅವರು ಅದನ್ನು ಮರೆಯದೆ ಇರಲಿ. ಸೇಡಿಗಾಗಿ ಅಲ್ಲ, ತಮ್ಮ ಕೈಯಿಂದ ಮತ್ತೊಬ್ಬನು ತಳ್ಳಲ್ಪಡದಿರುವದಕ್ಕಾಗಿ ಅದನ್ನು ನೆನಸಲಿ. ಈ ವಾರದಲ್ಲಿ ನಿಮ್ಮಲ್ಲಿ ಒಬ್ಬೊಬ್ಬನೂ, ತನ್ನ ಕೈ ಯಾರ ಕುತ್ತಿಗೆಯ ಮೇಲಿದೆಯೆಂದು ದೇವರ ಮುಂದೆ ಮೌನವಾಗಿ ಕೂತು ವಿಚಾರಿಸಿಕೊಳ್ಳಲಿ. ಕಂಡುಬಂದರೆ ಆ ದಿನವೇ ಕೈ ತೆಗೆಯಲಿ.

ಪ್ರಾರ್ಥನೆ: ಕನಿಕರವುಳ್ಳ ತಂದೆಯೇ, ತೀರಿಸಲಾರದ ನಮ್ಮ ಸಾಲವನ್ನು ನೀನು ಬಿಟ್ಟುಬಿಟ್ಟಿರುವಿ. ನಮ್ಮ ಹಳ್ಳಿಗಳಲ್ಲಿ ನಿನ್ನನ್ನು ಭಯವಿಲ್ಲದೆ ಆರಾಧಿಸುವ ಬಿಡುಗಡೆಗಾಗಿ ಸ್ತೋತ್ರ. ಅದಕ್ಕಾಗಿ ದೂರ ದೇಶದಲ್ಲಿಯೂ ನಮ್ಮ ದೇಶದಲ್ಲಿಯೂ ನೊಂದವರೆಲ್ಲರಿಗಾಗಿ ಸ್ತೋತ್ರ. ನಾವು ಹೊಂದಿದ್ದನ್ನು ನಮ್ಮ ಮಗನಿಗೂ ಸೊಸೆಗೂ ನೆರೆಯವನಿಗೂ ನಮಗೆ ಒಪ್ಪದವನಿಗೂ ಸಂತೋಷದಿಂದ ಕೊಡುವಂತೆ ನಮ್ಮ ಕಣ್ಣುಗಳನ್ನು ಬೆಳಗಿಸು. ಯೇಸು ಕ್ರಿಸ್ತನ ಹೆಸರಿನಲ್ಲಿ ಬೇಡುತ್ತೇವೆ. ಆಮೆನ್.